ಬೀಪ್ ಎಂದಾಗ ಗಾರ್ಡ್ ಏನು ಹೇಳಬೇಕು? ಎಲ್ಲ ಶಾಖೆಗೂ ಒಂದೇ ಭದ್ರತಾ ಕ್ರಮ ಹೀಗೆ ಬರೆಯಿರಿ

ಹಲವು ಊರಲ್ಲಿ ಶಾಖೆಯಿರುವ ದೊಡ್ಡ ಬಟ್ಟೆ ಮಳಿಗೆಯೊಂದರ ಬಾಗಿಲಲ್ಲಿ, ಕಳ್ಳತನ ತಡೆಯುವ ಟ್ಯಾಗ್ ತೆಗೆಯದ ಬಟ್ಟೆ ದಾಟಿದ್ದಕ್ಕೆ ಬೀಪ್ ಸದ್ದಾಯಿತು ಅಂದುಕೊಳ್ಳಿ. ಹುಬ್ಬಳ್ಳಿ ಶಾಖೆಯ ಗಾರ್ಡ್ ‘ಹೋಗಿ ಸಾರ್’ ಎಂದು ನಕ್ಕು ಕಳಿಸುತ್ತಾನೆ. ಮೈಸೂರಿನವನು ಬಿಲ್ ಕೇಳುತ್ತಾನೆ. ಬೆಂಗಳೂರಿನವನು ಚೀಲಕ್ಕೇ ಕೈ ಹಾಕುತ್ತಾನೆ. ಬೋರ್ಡ್ ಒಂದೇ, ನಡವಳಿಕೆ ಮೂರು. ನಿಯಮ ಆಯಾ ಗಾರ್ಡಿನ ತಲೆಯಲ್ಲಿದ್ದರೆ ಹೀಗೇ ಆಗುವುದು. ಅದನ್ನು ಕಾಗದಕ್ಕೆ ಇಳಿಸುವುದು ಹೇಗೆ?

1. ಮೊದಲು ನೋಡಿ, ಆಮೇಲೆ ಬರೆಯಿರಿ
ಹೆಡ್ ಆಫೀಸಿನಲ್ಲಿ ಕೂತು ಬರೆದದ್ದು ಅಂಗಡಿಯಲ್ಲಿ ನಡೆಯುವುದಿಲ್ಲ. ನಿಮ್ಮ ಅತಿ ಚಿಕ್ಕ ಶಾಖೆಗೆ ಹೋಗಿ, ಶಟರ್ ಎತ್ತುವಾಗಿನಿಂದ ಇಳಿಸುವವರೆಗೆ ಇರಿ. ಕೀಲಿ ಯಾರ ಹತ್ತಿರ, ಗಲ್ಲಾ ಎಣಿಸುವವರು ಯಾರು, ಬರೆದುಕೊಳ್ಳಿ. ನಾಲ್ಕೇ ಜನರಿರುವ ಶಾಖೆಯಲ್ಲಿ ಆಗದ ಕೆಲಸವನ್ನು ನಿಯಮ ಮಾಡಿದರೆ, ರಿಜಿಸ್ಟರಿನಲ್ಲಿ ಸುಮ್ನೆ ಸಹಿ ಬೀಳುತ್ತದೆ, ಅಷ್ಟೇ.

2. ಬೀಪ್‌ಗೆ ಮಾತನ್ನೇ ಬರೆದುಕೊಡಿ
‘ಸೌಜನ್ಯದಿಂದ ವಿಚಾರಿಸಬೇಕು’ ಎಂದರೆ ಯಾರಿಗೂ ಏನೂ ತಿಳಿಯದು. ಆಡಬೇಕಾದ ಮಾತನ್ನೇ ಬರೆಯಿರಿ: ‘ಸಾರಿ ಮೇಡಂ, ಟ್ಯಾಗ್ ತೆಗೆಯೋಕೆ ನಮ್ಮವರು ಮರೆತಿರಬೇಕು. ಒಂದ್ನಿಮಿಷ ಕೌಂಟರ್ ಹತ್ರ ಬರ್ತೀರಾ?’ ತಪ್ಪನ್ನು ಅಂಗಡಿಯೇ ಹೊತ್ತುಕೊಂಡರೆ ಗಿರಾಕಿಗೆ ಅವಮಾನವಾಗದು. ಎಷ್ಟೋ ಸಲ ನಿಜವೂ ಅದೇ. ಚೀಲವನ್ನು ಗಿರಾಕಿಯೇ ತೆರೆಯಬೇಕು, ಗಾರ್ಡ್ ಕೈ ಹಾಕಬಾರದು. ಒಪ್ಪದಿದ್ದರೆ ಮ್ಯಾನೇಜರನ್ನು ಕರೆಯಬೇಕು. ಸೀರೆಯುಟ್ಟ ಅಜ್ಜಿಗೂ ಹರಿದ ಜೀನ್ಸಿನ ಹುಡುಗನಿಗೂ ಇದೇ ಮಾತು.

ಕಳ್ಳತನವೇ ಕಣ್ಣಿಗೆ ಬಿದ್ದರೆ? ಇಲ್ಲಿ ಕಾನೂನು ಗೊತ್ತಿರಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಅಪರಾಧ ಕಾನೂನುಗಳಲ್ಲಿ (ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಸಾಮಾನ್ಯ ಕಳ್ಳತನ ಜಾಮೀನು ಸಿಗುವ ಅಪರಾಧ. ಪೊಲೀಸರೂ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಖಾಸಗಿ ವ್ಯಕ್ತಿ ಹಿಡಿದಿಡಬಹುದಾದದ್ದು ತನ್ನ ಕಣ್ಣೆದುರೇ ನಡೆದ ಗಂಭೀರ ಅಪರಾಧಗಳಲ್ಲಿ ಮಾತ್ರ, ಅದೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಆರುನೂರು ರೂಪಾಯಿ ಶರ್ಟಿಗಾಗಿ ಯಾರನ್ನೋ ಕೋಣೆಯಲ್ಲಿ ಕೂಡಿಹಾಕಿದರೆ ಅಂಗಡಿಯವರ ಮೇಲೇ ಕೇಸ್ ಬೀಳಬಹುದು. ಆದ್ದರಿಂದ ಹೀಗೆ ಬರೆಯಿರಿ: ಸಾಮಾನು ವಾಪಸ್ ಕೇಳು, ಮ್ಯಾನೇಜರಿಗೆ ಹೇಳು, ಜಗಳವಾದರೆ 112ಕ್ಕೆ ಕರೆ ಮಾಡು. ಅಟ್ಟಿಸಿಕೊಂಡು ಹೋಗಬೇಡ.

3. ಹಿಂಬಾಗಿಲು ಮರೆಯಬೇಡಿ
ಎಲ್ಲರ ಕಣ್ಣೂ ಮುಂಬಾಗಿಲ ಮೇಲೆ. ಸಾಮಾನು ಸೋರುವುದು ಗೋಡೌನಿನಿಂದಲೂ ಹೌದು, ಬಿಲ್ಲಿಂಗ್ ಕೌಂಟರಿನಿಂದಲೂ ಹೌದು. ಬಿಲ್ ರದ್ದು, ರಿಫಂಡ್ ಎರಡನ್ನೂ ಕ್ಯಾಷಿಯರ್ ಒಬ್ಬರೇ ಮಾಡಬಾರದು, ಸೂಪರ್‌ವೈಸರ್ ತಮ್ಮ ಪಾಸ್‌ವರ್ಡಿನಿಂದಲೇ ಒಪ್ಪಬೇಕು. ಬಂದ ಮಾಲನ್ನು ಇಬ್ಬರು ಎಣಿಸಿ ಚಲನ್‌ಗೆ ಸಹಿ ಹಾಕಲಿ. ಖಾಲಿ ರಟ್ಟಿನ ಡಬ್ಬ ಗುಜರಿಗೆ ಹೋಗುವ ಮೊದಲು ಚಪ್ಪಟೆಯಾಗಿರಲಿ: ಒಳಗೆ ಏನೂ ಅಡಗಿ ಹೋಗದು. ಸಂಜೆ ಸಿಬ್ಬಂದಿಯ ಚೀಲ ನೋಡುವುದಾದರೆ ಮ್ಯಾನೇಜರ್ ಚೀಲದಿಂದಲೇ ಶುರುವಾಗಲಿ. ಅವರದ್ದು ಬಿಟ್ಟರೆ ಉಳಿದವರು ಗೊಣಗುತ್ತಾರೆ, ಅಲ್ವಾ?

4. ಕ್ಯಾಮೆರಾ, ಬಾಗಿಲು
ಜನ ಸೇರುವ ಮಳಿಗೆಗಳು ಸಿಸಿಟಿವಿ ಹಾಕಿ 30 ದಿನದ ದೃಶ್ಯ ಉಳಿಸಿಡಬೇಕು ಎನ್ನುತ್ತದೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಬೆಳಿಗ್ಗೆ ತೆರೆಯುವವರು ಪರದೆಯ ಗಡಿಯಾರವನ್ನು ಮೊಬೈಲ್ ಸಮಯದ ಜೊತೆ ಹೋಲಿಸಲಿ. ಅದು ತಪ್ಪಿದ್ದರೆ ಬಿಲ್ಲಿನ ಸಮಯಕ್ಕೆ ದೃಶ್ಯ ತಾಳೆಯಾಗದು. ಟ್ರಯಲ್ ರೂಮಿನೊಳಗೆ ಕ್ಯಾಮೆರಾ ಇರಲೇಬಾರದು. ದೀಪಾವಳಿ ಸ್ಟಾಕ್ ಬಂತೆಂದು ತುರ್ತು ಬಾಗಿಲಿಗೆ ಡಬ್ಬ ಒಟ್ಟುವ ಚಾಳಿಗೆ ಒಂದೇ ನಿಯಮ: ಆ ಜಾಗ ಖಾಲಿ.

5. ಗಾರ್ಡ್ ಬದಲಾದರೂ ನಿಯಮ ಉಳಿಯಲಿ
ಗಾರ್ಡ್‌ಗಳನ್ನು ಕಳಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಲೈಸೆನ್ಸ್ ಇದೆಯಾ ನೋಡಿ. ಗಾರ್ಡ್‌ಗಳು ಜಾಸ್ತಿ ಬದಲಾಗುವ ಕೆಲಸ ಇದು. ಆದ್ದರಿಂದ ಇಪ್ಪತ್ತು ಪುಟದ ಪುಸ್ತಕಕ್ಕಿಂತ ಚಿತ್ರವಿರುವ ಒಂದು ಹಾಳೆ ಮೇಲು. ಕನ್ನಡದಲ್ಲಿರಲಿ, ಗಾರ್ಡ್‌ಗೆ ಬರುವ ಭಾಷೆಯಲ್ಲೂ ಇರಲಿ.

6. ಒಬ್ಬರ ಶಾಖೆಯನ್ನು ಇನ್ನೊಬ್ಬರು ನೋಡಲಿ
ಮೂರು ತಿಂಗಳಿಗೊಮ್ಮೆ ಬೇರೆ ಊರಿನ ಮ್ಯಾನೇಜರ್ ಹೇಳದೆ ಬಂದು, ಟ್ಯಾಗ್ ಇರುವ ಶರ್ಟ್ ಹಿಡಿದು ಹೊರಗೆ ನಡೆಯಲಿ. ಗಾರ್ಡ್ ಏನೆಂದ ಎಂದು ಬರೆದುಕೊಳ್ಳಲಿ. ಎಲ್ಲ ಶಾಖೆಯಲ್ಲೂ ಒಂದೇ ತಪ್ಪು ಕಂಡರೆ ಹಾಳೆಯನ್ನು ತಿದ್ದಿ, ಹೊಸ ದಿನಾಂಕ ಹಾಕಿ ಕಳಿಸಿ. ಗೋಡೆಗೆ ಅಂಟಿಸಿದ ಹಳೆಯ ಹಾಳೆ ಕಿತ್ತು ವಾಪಸ್ ತರಿಸಿಕೊಳ್ಳುವುದು ಹೆಡ್ ಆಫೀಸಿನ ಕೆಲಸ.