ಎಲ್‌ಇಡಿ ಇಲ್ಲದೆ 931ಎ ಟ್ಯೂಬಿನ ವೇಗ ಅಳೆದದ್ದು: ನನ್ನ ಅನುಭವ

ಫೋಟೋಮಲ್ಟಿಪ್ಲಯರ್ ಅಂದರೆ ಅತಿ ಮಂದ ಬೆಳಕನ್ನೂ ವಿದ್ಯುತ್ ಪಲ್ಸ್ ಮಾಡಿ ಕೊಡುವ ಟ್ಯೂಬ್. ಅಂಥದ್ದೇ ಆದ 931ಎಯ ರೈಸ್ ಟೈಮ್ (ಪಲ್ಸ್ ಮೇಲೇರಲು ಹಿಡಿಯುವ ಹೊತ್ತು) ಸಾವಿರ ವೋಲ್ಟ್‌ಗೆ 2.2 ನ್ಯಾನೋಸೆಕೆಂಡ್. ಪಲ್ಸ್ ತೋರಿಸುವ ನನ್ನ 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್‌ನದ್ದೇ 3.5. "ಸ್ಕೋಪೇ ನಿಧಾನ, ಇದರಲ್ಲಿ ಏನು ಅಳೀತೀರಾ ಸರ್?" ಅಂದಿದ್ದರು ಬೆಂಗಳೂರಿನ ಗೆಳೆಯರು. ಕೆ.ಜಿ.ಎಫ್.ನ ನಮ್ಮ ಮನೆಯಲ್ಲೇ ಅಳೆದೆ. ಈಗ ಅವರೂ ಒಪ್ಪಿದ್ದಾರೆ.

ಟ್ಯೂಬ್ ಗುಜರಿಯಲ್ಲಿ ಸಾವಿರದ ಐನೂರಕ್ಕೋ ಏನೋ ಸಿಕ್ಕಿತು. ದುಡ್ಡು ಸುರಿದದ್ದು ಅದಕ್ಕೆ ಚುಟುಕು ಬೆಳಕಿನ ಮಿಂಚು ಕೊಡುವ ಎಲ್‌ಇಡಿ ಪಲ್ಸರ್‌ಗೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿಯಷ್ಟು 2ಎನ್2369 ಟ್ರಾನ್ಸಿಸ್ಟರ್ ತಂದೆ. ಸರಿಯಾಗಿ ಅವಲಾಂಚ್ ಆದದ್ದು (ಒಮ್ಮೆಗೇ ಕರೆಂಟ್ ಸುರಿದದ್ದು) ಕೆಲವೇ. ಕೆಂಪು ಎಲ್‌ಇಡಿಗೆ ಈ ಟ್ಯೂಬ್ ಹೆಚ್ಚುಕಮ್ಮಿ ಕುರುಡು. ನೀಲಿಯಲ್ಲಿ ಪಲ್ಸ್ ಬಂತು, ಆದರೆ ಅದರಲ್ಲಿ ಎಲ್‌ಇಡಿಯ ಪಾಲೆಷ್ಟು, ಟ್ಯೂಬಿನ ಪಾಲೆಷ್ಟು? ಗೊತ್ತಾಗಲಿಲ್ಲ. ಐದಾರು ಸಾವಿರ ಹಾಗೇ ಹೋಯಿತು.

ಕೊನೆಗೆ ಎಲ್‌ಇಡಿಯನ್ನೇ ಕಿತ್ತು ಹಾಕಿದೆ. ಪೂರ್ತಿ ಕತ್ತಲಲ್ಲೂ ಟ್ಯೂಬಿನೊಳಗೆ ಬೆಳಕು ಹಿಡಿಯುವ ಕ್ಯಾಥೋಡ್ ಒಂದೊಂದು ಎಲೆಕ್ಟ್ರಾನ್ ಬಿಡುತ್ತದೆ, ಅಲ್ವಾ? ಒಂದೇ ಎಲೆಕ್ಟ್ರಾನಿನಿಂದ ಶುರುವಾದ ಪಲ್ಸ್‌ನಲ್ಲಿ ಬೆಳಕಿನ ನಿಧಾನ ಸೇರುವುದೇ ಇಲ್ಲ. 50 ಓಮ್‌ಗೆ ಹತ್ತಿಪ್ಪತ್ತು ಮಿಲಿವೋಲ್ಟ್ ಬರುತ್ತದೆ, ಸಾಕು.

ಸ್ಕೋಪ್‌ನಲ್ಲಿ ಹಲವು ಪಲ್ಸ್‌ಗಳ ಆವರೇಜ್ ಹಾಕಿದರೆ ಕೆಡುತ್ತದೆ. ಒಂದೊಂದು ಪಲ್ಸ್ ಒಂದೊಂದು ಎತ್ತರ, ಟ್ರಿಗರ್ (ಸ್ಕೋಪ್ ಪಲ್ಸ್ ಹಿಡಿಯುವ ಕ್ಷಣ) ಹಿಂದೆ ಮುಂದೆ ಓಡಿ ಆರು ನ್ಯಾನೋಸೆಕೆಂಡ್ ತೋರಿಸಿತು. ಸಿಂಗಲ್ ಶಾಟ್‌ನಲ್ಲಿ, ಅಂದರೆ ಒಂದೊಂದೇ ಪಲ್ಸ್ ಹಿಡಿದಾಗ 4.2ರ ಆಸುಪಾಸು ನಿಂತಿತು. ಇದರಲ್ಲಿ ಸ್ಕೋಪಿನ ಪಾಲೂ ಸೇರಿದೆ, ಹಾಗಾಗಿ 4.2ರ ವರ್ಗದಿಂದ 3.5ರ ವರ್ಗ ಕಳೆದು ವರ್ಗಮೂಲ ತೆಗೆಯಿರಿ: 2.3. ಅನುಮಾನ ಬೇಡ ಅಂತ 200 ಮೆಗಾಹರ್ಟ್ಸ್ ಸ್ಕೋಪ್ ಎರವಲು ತಂದೆ. ಅದರಲ್ಲಿ 2.9 ಬಂತು. ಅದರ ಸ್ವಂತ 1.75ನ್ನು ಹಾಗೇ ವರ್ಗ ಮಾಡಿ ಕಳೆದರೂ ಅದೇ 2.3! ಯಾವ ಪಲ್ಸ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಎಲೆಕ್ಟ್ರಾನ್ ಹೆಚ್ಚಿಸುವ ತಗಡುಗಳಾದ ಡೈನೋಡ್‌ಗಳಲ್ಲಿ ಕೊನೆಯ ಮೂರರ ಕೆಪಾಸಿಟರ್ ಕಾಲು ಮಾತ್ರ ಆದಷ್ಟೂ ಗಿಡ್ಡ ಇರಲಿ, ಇಲ್ಲದಿದ್ದರೆ ರಿಂಗಿಂಗ್ (ಪಲ್ಸಿನ ಹಿಂದೆ ಏಳುವ ಅಲೆಗಳು) ಬಿಡುವುದಿಲ್ಲ.

ಮಧ್ಯೆ ಸುಮ್ನೆ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾಯ್ದರೆ ಮಿನುಗುವ ವಸ್ತು) ತುಂಡು ಇಟ್ಟು ಆಕಾಶದಿಂದ ಬರುವ ಮ್ಯೂಆನ್ ಕಣ ನೋಡಿದೆ. 1965ರಲ್ಲಿ ನಮ್ಮೂರಿನ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಸಿಂಟಿಲೇಟರಿಗೆ ಫೋಟೋಮಲ್ಟಿಪ್ಲಯರ್ ಜೋಡಿಸಿಯೇ ನ್ಯೂಟ್ರಿನೋ ಕಣದ ಗುರುತು ಹಿಡಿದರು. ಅದೇ ಊರಲ್ಲಿ ಕೂತು ಆ ದೊಡ್ಡ ಪಲ್ಸ್ ನೋಡುವುದೇ ಒಂದು ಖುಷಿ. ವೇಗ ಅಳೆಯಲು ಅದು ಬೇಡ, ಬೆಳಕಿನ ಬಾಲ ಉದ್ದ.

ವೋಲ್ಟೇಜನ್ನು 700ಕ್ಕೆ ಇಳಿಸಿದರೆ ಟ್ಯೂಬ್ ನಿಧಾನವಾಗುತ್ತದೆ, 2.8ರ ಹತ್ತಿರ ಬಂತು. ಪಲ್ಸ್ ತುಂಬಾ ಚಿಕ್ಕದಾದ್ದರಿಂದ ಆಂಪ್ಲಿಫಯರ್ ಬೇಕಾಯಿತು. ಅದರ ರೈಸ್ ಟೈಮನ್ನೂ ಕಳೆಯಬೇಕು. ಟ್ಯೂಬ್ ಬೆಳಕು ಕಂಡಿದ್ದರೆ ಒಂದು ರಾತ್ರಿ ಕತ್ತಲಲ್ಲಿಟ್ಟು ಆಮೇಲೆ ಅಳೆಯಿರಿ, ಇಲ್ಲದಿದ್ದರೆ ಪಲ್ಸ್‌ಗಳು ಒಂದರ ಮೇಲೊಂದು ಬೀಳುತ್ತವೆ.