ಆರ್ಕಿಡ್ ಹೂ ಬಿಡುತ್ತಿಲ್ಲವೇ? ಮೊದಲು ಥರ್ಮಾಮೀಟರ್ ತನ್ನಿ

ನರ್ಸರಿಯಿಂದ ತಂದಾಗ ಆರ್ಕಿಡ್ ತುಂಬ ಹೂವಿರುತ್ತದೆ. ಅದು ಉದುರಿದ ಮೇಲೆ ಬರೀ ಎಲೆ. ಆಗ ಹೆಚ್ಚಿನವರು ಗೊಬ್ಬರ ಜಾಸ್ತಿ ಹಾಕುತ್ತಾರೆ. ಗಿಡ ಕಾಯುತ್ತಿರುವುದು ತಂಪಿಗೆ.

ಮೊದಲು ಜಾತಿ ಗುರುತಿಸಿ. ಅಗಲ ಎಲೆಯ, ಚಿಟ್ಟೆಯಂಥ ಹೂವಿನದು ಫೆಲನಾಪ್ಸಿಸ್. ಹಗಲು 28 ಡಿಗ್ರಿ ದಾಟುತ್ತಲೇ ಇದ್ದರೆ ಇದು ಹೂದಂಟು ಬಿಡುವುದಿಲ್ಲ. ಹಗಲು 25, ರಾತ್ರಿ 20ರ ಆಸುಪಾಸು ನಾಲ್ಕರಿಂದ ಆರು ವಾರ ಸಿಕ್ಕರೆ ಎಲೆಯ ಬುಡದಲ್ಲಿ ದಂಟು ಇಣುಕುತ್ತದೆ. ಡೆಂಡ್ರೋಬಿಯಂ ನೋಬಿಲೆ ಎಂಬ ಇನ್ನೊಂದು ಜಾತಿಗೆ ಇನ್ನೂ ಚಳಿ ಬೇಕು, 10ರಿಂದ 15 ಡಿಗ್ರಿ. ಚಳಿ ಸಾಲದಿದ್ದರೆ, ಸಾರಜನಕ ಜಾಸ್ತಿಯಾದರೆ, ಹೂ ಬರಬೇಕಾದ ಕಡೆ ಮರಿಗಿಡ ಹುಟ್ಟುತ್ತದೆ. ನೇರಳೆ ಬಣ್ಣದ ಡೆಂಡ್ರೋಬಿಯಂ ಸೋನಿಯಾಗೆ ಈ ರಗಳೆ ಇಲ್ಲ, ಬೆಳಕು ಚೆನ್ನಾಗಿದ್ದರೆ ಸಾಕು. ನಮ್ಮ ಕಾಡಿನ ಸೀತಾಳೆ ದಂಡೆಯಂತೂ ಮಳೆ ಹಿಡಿಯುವ ಹೊತ್ತಿಗೆ ತಾನಾಗಿ ಅರಳುತ್ತದೆ. ದಯವಿಟ್ಟು ಅದನ್ನು ಮರದಿಂದ ಕಿತ್ತು ತರಬೇಡಿ.

ಈಗ ಜಾಗ. ದಿನದ ಕನಿಷ್ಠ, ಗರಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದನ್ನು ಗಿಡದ ಪಕ್ಕದಲ್ಲೇ ತೂಗುಹಾಕಿ. ಶಿವಮೊಗ್ಗ ಪೇಟೆಯಲ್ಲಿ ಡಿಸೆಂಬರ್ ರಾತ್ರಿ ಎಷ್ಟೇ ತಂಪಿರಲಿ, ಮಧ್ಯಾಹ್ನ 29-30 ಮುಟ್ಟುವುದುಂಟು. ತಾರಸಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಜಗಲಿ ಒಳ್ಳೆಯದು. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ತೋಟದ ಅಂಚಿನ ನೆರಳಿದೆ. ಮಳೆಗಾಲದಲ್ಲೂ ತಂಪೇ ಅಲ್ವಾ? ಹೌದು, ಆದರೆ ಬೆಳಕು ಸಾಲದು. ಬೆಳಕಿಲ್ಲದೆ ಗಿಡದಲ್ಲಿ ಸಕ್ಕರೆ ಕೂಡುವುದಿಲ್ಲ, ಸಕ್ಕರೆಯಿಲ್ಲದೆ ದಂಟು ಬೆಳೆಯುವುದಿಲ್ಲ. ಮೋಡ ತಿಳಿಯಾದ ಮೇಲಿನ ತಿಂಗಳುಗಳೇ ನಮಗೆ ಸರಿಯಾದ ಕಾಲ.

ಹಾರ್ಮೋನು ಆಮೇಲಿನ ಮಾತು. ಬಿಸಿ ಹೆಚ್ಚಾದರೆ ಫೆಲನಾಪ್ಸಿಸ್ ಒಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನಿನ ತಯಾರಿ ಕುಗ್ಗುತ್ತದೆ, ಹೂದಂಟಿನ ಮೊಗ್ಗು ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಬಿಸಿಯಲ್ಲೂ ದಂಟು ಬರಬಹುದು, ಆದರೆ ಹೂವಿನ ಆಕಾರ ಕೆಡುವ ಭಯವಿದೆ. ಮನೆಯ ಗಿಡಕ್ಕೆ ಅದು ಬೇಡವೆಂದೇ ನನ್ನ ಸಲಹೆ. ಅದಕ್ಕಿಂತ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಗುಂಪಿನ ಬೆಂಜೈಲ್ ಅಡೆನಿನ್ ವಾಸಿ. ಪ್ರಯೋಗಗಳಲ್ಲಿ ಲೀಟರ್ ನೀರಿಗೆ 200ರಿಂದ 400 ಮಿಲಿಗ್ರಾಂ ಬೆರೆಸಿ ಸಿಂಪಡಿಸಿದಾಗ ಫೆಲನಾಪ್ಸಿಸ್ ಬೇಗನೆ, ಜಾಸ್ತಿ ದಂಟು ಬಿಟ್ಟಿದೆ. ಅದೂ ತಂಪಿನಲ್ಲಿದ್ದ ಗಿಡಗಳಲ್ಲಿ ಮಾತ್ರ. ಮನೆಯಲ್ಲಿ ಸಿಂಪಡಿಸುವುದಕ್ಕಿಂತ ಕೀಕಿ ಪೇಸ್ಟ್, ಅಂದರೆ ಸೈಟೊಕೈನಿನ್ ಬೆರೆಸಿದ ಮುಲಾಮು, ಸುಲಭ. ಹಳೆಯ ದಂಟು ಹಸಿರಾಗಿದ್ದರೆ ಅದರ ಗೆಣ್ಣಿನ ಸಿಪ್ಪೆ ಮೆಲ್ಲಗೆ ಬಿಡಿಸಿ, ಸಾಸಿವೆ ಕಾಳಿನಷ್ಟು ಹಚ್ಚಿ. ಕವಲು ದಂಟು ಬರಬಹುದು, ಮರಿಗಿಡವೂ ಬರಬಹುದು.

ದಂಟು ಬಂದ ಮೇಲೆ ಹೂ ಅರಳಲು ಮೂರು ತಿಂಗಳಾದರೂ ಬೇಕು. ಈ ಹೊತ್ತಿನಲ್ಲಿ ಎಚ್ಚರವಿರಬೇಕಾದದ್ದು ಎಥಿಲೀನ್ ಬಗ್ಗೆ. ಗಾಳಿಯಲ್ಲಿ ಹರಡುವ ಈ ಹಾರ್ಮೋನು ತಾಗಿದರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಮಾಗುವ ಬಾಳೆಗೊನೆಯಿಂದ ಅದು ಬರುತ್ತದೆ, ಸೌದೆಯ ಹೊಗೆಯಲ್ಲೂ ಇರುತ್ತದೆ. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುವುದೂ ಇದೇ ತಿಂಗಳುಗಳಲ್ಲಿ. ಆಗ ಕುಂಡವನ್ನು ಹೊಗೆ ಸುಳಿಯದ ಕಡೆ ಇಡಿ. ಗೊನೆ ತೂಗುಹಾಕಿದ ಕೋಣೆಗಂತೂ ತರಲೇಬೇಡಿ.