ಪುರಸಭೆ ಮೀಟಿಂಗಲ್ಲಿ ಬಾಯಲ್ಲಿ ಹೇಳಿದ್ದು ಬೇರೆ, ನಡಾವಳಿಗೆ ಬಂದಿದ್ದು ಬೇರೆ: ನನ್ನ ಅನುಭವ

ನಾನು ಹಳೇ ಮೈಸೂರು ಕಡೆಯ ಒಂದು ತಾಲೂಕು ಪಟ್ಟಣದಲ್ಲಿ ಪುರಸಭೆ ಮೆಂಬರ್ ಆಗಿದ್ದೆ. 23 ವಾರ್ಡಿನ ಊರು, ಹೆಸರು ಬೇಡ ಬಿಡಿ. 2018ರ ಆಗಸ್ಟ್ 31ಕ್ಕೆ ಓಟು, ಸೆಪ್ಟೆಂಬರ್ 3ಕ್ಕೆ ಕೌಂಟಿಂಗ್, ಗೆದ್ದೆ, ಹಾರ ಹಾಕಿದ್ರು, ಪಟಾಕಿ ಹೊಡೆದ್ರು, ಆಮೇಲೆ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ ನಮ್ಮಂಥ ಎಷ್ಟೋ ಊರಲ್ಲಿ ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ಕೊನೆಗೆ. ಅಲ್ಲೀವರೆಗೂ ನಾವು ಗೆದ್ದಿದೀವಿ ಅನ್ನೋದು ಬಿಟ್ರೆ ಕೈಯಲ್ಲಿ ಏನೂ ಇರ್ಲಿಲ್ಲ. ಜನ ಮಾತ್ರ ಬೆಳಗ್ಗೆ ಆರಕ್ಕೇ ಮನೆ ಬಾಗ್ಲಿಗೆ ಬಂದು ನೀರು ಬಂದಿಲ್ಲ ಅಂತ ಕೇಳೋರು.

ಹೊಸದಾಗಿ ಮೆಂಬರ್ ಆಗೋರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಉಪಯೋಗ ಆಗ್ಬಹುದು ಅಂತ ಇದನ್ನ ಬರೀತಿದೀನಿ. ನನಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ನೋಟಿಸ್ ಕೊಡ್ಬೇಕು, ಜೊತೆಗೆ ಅಜೆಂಡಾ. ನಮ್ಮಲ್ಲಿ ಆಫೀಸಿನ ಹುಡುಗ ಬಂದು ಪುಸ್ತಕದಲ್ಲಿ ಸೈನ್ ಹಾಕಿಸ್ಕೊಂಡು ಕವರ್ ಕೊಟ್ಟು ಹೋಗ್ತಿದ್ದ. ನನ್ನ ಮೊದಲನೇ ಸಭೆಗೆ 41 ವಿಷಯ ಇತ್ತು. ನಾನು ಅದನ್ನ ತಿರುವಿ ನೋಡಿ ಟೀವಿ ಮೇಲಿಟ್ಟು, ನನ್ನ ವಾರ್ಡಿನ ಬೋರ್‌ವೆಲ್ ಮೋಟರ್ ಸುಟ್ಟು ಹದಿನೈದು ದಿನ ಆಗಿರೋ ವಿಷಯ ಹೆಂಗೆ ಮಾತಾಡ್ಲಿ ಅನ್ನೋದನ್ನೇ ಯೋಚ್ನೆ ಮಾಡ್ಕೊಂಡು ಹೋದೆ. ಸಭೇಲಿ ಎದ್ದು ನಿಂತು ಚೆನ್ನಾಗೇ ಮಾತಾಡ್ದೆ, ಅಧ್ಯಕ್ಷರು ತಲೆ ಆಡ್ಸಿದ್ರು, ಇಂಜಿನಿಯರ್ "ಮಾಡಿಸ್ತೀವಿ ಮೇಡಂ" ಅಂದ್ರು, ಪಕ್ಕದಲ್ಲಿದ್ದ ಹಿರಿಯ ಮೆಂಬರ್ ಒಬ್ರು ಶಭಾಷ್ ಅಂದ್ರು. 41 ವಿಷಯ ಒಂದೂಕಾಲು ಗಂಟೇಲಿ ಮುಗೀತು. ಮುಂದಿನ ತಿಂಗಳು ನಡಾವಳಿ, ಅಂದ್ರೆ ಸಭೇಲಿ ಏನೇನು ತೀರ್ಮಾನ ಆಯ್ತು ಅನ್ನೋ ದಾಖಲೆ, ಅದರ ಕಾಪಿ ಕೈಗೆ ಬಂದಾಗ ಹುಡುಕ್ದೆ, ನನ್ನ ಮೋಟರ್ ಬಗ್ಗೆ ಒಂದು ಸಾಲೂ ಇಲ್ಲ. ನಾನು ಆ ಸಭೇಲಿ ಮಾತೇ ಆಡಿಲ್ಲವೇನೋ ಅನ್ನೋ ಥರ ಇತ್ತು.

ಕೋಪದಲ್ಲಿ ಆಫೀಸಿಗೆ ಹೋದೆ. ನಡಾವಳಿ ಬರೆಯೋ ವಿಷಯ ನಿರ್ವಾಹಕರು, ರಿಟೈರ್ಮೆಂಟಿಗೆ ಹತ್ತಿರ ಇದ್ದೋರು, ಕೂರ್ಸಿ ನೀರು ಕೊಟ್ಟು ಹೇಳಿದ್ರು: "ಮೇಡಂ, ಇಪ್ಪತ್ತಮೂರು ಜನ ಒಟ್ಟಿಗೆ ಮಾತಾಡ್ತೀರ, ನಾನೊಬ್ಬ ಏನಂತ ಬರ್ಕೊಳ್ಲಿ. ಅಜೆಂಡಾದಲ್ಲಿ ಇದ್ರೆ ಬರೀತೀನಿ. ನೀವು ಬರ್ದು ಕೊಟ್ರೆ ಬರೀತೀನಿ. ಬಾಯಲ್ಲಿ ಹೇಳಿದ್ದಕ್ಕೆ ಫೈಲ್ ಇಲ್ಲ." ಐದು ವರ್ಷದಲ್ಲಿ ನನಗೆ ಸಿಕ್ಕಿದ ಅತ್ಯಂತ ದೊಡ್ಡ ಪಾಠ ಅದು, ಅವರನ್ನ ಈಗಲೂ ನೆನೆಸ್ಕೊತೀನಿ.

ಅವತ್ತಿಂದ ಅಜೆಂಡಾ ಓದೋದು ಕಲಿತೆ. ಮೊದಲನೇ ವಿಷಯ ಯಾವಾಗ್ಲೂ "ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ". ಎಲ್ರೂ ಪಾಸ್ ಪಾಸ್ ಅಂತಾರೆ. ಅಲ್ಲಿ ಸುಮ್ನಿದ್ರೆ ಹೋದ ತಿಂಗಳು ಏನೇ ಬರ್ದಿದ್ರೂ ನೀವು ಒಪ್ಪಿದ ಹಾಗೆ, ಅದಕ್ಕೇ ನಾನು ಬಾಯಿ ತೆರೀತಿದ್ದಿದ್ದು ಹೆಚ್ಚಾಗಿ ಅಲ್ಲೇ. ಎರಡನೇದು ಜಮಾ-ಖರ್ಚು. ಅದರಲ್ಲಿ ಬೀದಿ ದೀಪದ ಸಾಮಾನು, ಪೈಪ್‌ಲೈನ್ ರಿಪೇರಿ, ಜೆಸಿಬಿ ಬಾಡಿಗೆ, ಈ ಮೂರನ್ನ ಹಿಂದಿನ ತಿಂಗಳ ಜೊತೆ ಇಟ್ಕೊಂಡು ನೋಡಿದ್ರೆ ಸಾಕು, ಪ್ರಶ್ನೆ ತಾನೇ ಬರುತ್ತೆ. ಮಧ್ಯದಲ್ಲಿ "ಘಟನೋತ್ತರ ಅನುಮೋದನೆ" ಅಂತ ಬರೋದು ಕೆಲಸ ಆಗ್ಹೋಗಿ ಆಮೇಲೆ ಒಪ್ಪಿಗೆ ಕೇಳೋದು. ತುರ್ತಿಗೆ ಬೇಕಾಗುತ್ತೆ, ನೀರಿನ ಪೈಪ್ ಒಡೆದ್ರೆ ಸಭೆ ಕರೆಯೋವರೆಗೂ ಕಾಯಕ್ಕಾಗಲ್ಲ, ಆದ್ರೆ ತಿಂಗಳಿಗೆ ಹತ್ತು ಘಟನೋತ್ತರ ಬಂದ್ರೆ ಸಭೆ ಯಾಕೆ ಅಂತ ಕೇಳ್ಲೇಬೇಕು. ಒಂದೇ ರಸ್ತೆ ಇಂಥೋರ ಮನೆಯಿಂದ ಇಂಥೋರ ಮನೆವರೆಗೆ ಅಂತ ಮೂರು ಕಾಮಗಾರಿ ಆಗಿ ಬಂದಿದ್ರೆ ಅದು ತುಂಡು ಗುತ್ತಿಗೆ, ಟೆಂಡರ್ ಕರೆಯದೇ ಕೊಡೋ ಮಿತಿ ಒಳಗೆ ಬರ್ಲಿ ಅಂತ ಮಾಡಿರೋದು. ಕಡೇ ವಿಷಯ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು". ಅಷ್ಟೊತ್ತಿಗೆ ಅರ್ಧ ಜನ ಬೋಂಡಾ ಕಾಫಿಗೆ ಎದ್ದಿರ್ತಾರೆ, ಕಾಗದ ಒಂದೂ ಇಲ್ಲದೆ ವಿಷಯ ಒಳಗೆ ಬರೋದು ಆಗಲೇ. ನಾನು ಆ ಐದು ವರ್ಷ ಕಾಫಿ ಆಮೇಲೇ ಕುಡ್ದಿದ್ದು.

ಈಗ ನಾನು ಮಾಡಿದ ಒಂದು ಕೆಲಸ ಹೇಳ್ತೀನಿ.

2022ರ ಒಂದು ಅಜೆಂಡಾದಲ್ಲಿ 17ನೇ ವಿಷಯ ಹಿಂಗಿತ್ತು: "ಬಸ್ ನಿಲ್ದಾಣದ ಮುಂಭಾಗದ ರಸ್ತೆಯಲ್ಲಿ ಅನಧಿಕೃತವಾಗಿ ವ್ಯಾಪಾರ ಮಾಡುತ್ತಿರುವವರನ್ನು ತೆರವುಗೊಳಿಸುವ ಬಗ್ಗೆ". ಓದಿದ ತಕ್ಷಣ ಆ ಸೊಪ್ಪಿನಜ್ಜಿ ಕಣ್ಮುಂದೆ ಬಂದ್ರು. ನಾನು ಮದುವೆ ಆಗಿ ಈ ಊರಿಗೆ ಬಂದಾಗಿಂದ ಅವರತ್ರಾನೇ ಸೊಪ್ಪು ತಗೊಳ್ಳೋದು, ಅವರು ಅಲ್ಲಿ ಇಲ್ಲದ ರಸ್ತೆಯನ್ನ ನಾನು ನೋಡೇ ಇಲ್ಲ. ಸಭೆಗೆ ಆರು ದಿನ ಇತ್ತು. ಮಾರನೇ ದಿನ ಬೆಳಗಿನ ಜಾವ ಐದೂವರೆಗೆ ಮಗನ ಹಳೇ ನೋಟ್‌ಬುಕ್ ಹಿಡ್ಕೊಂಡು ಹೋದೆ. ಹಳ್ಳಿ ಬಸ್ಸುಗಳಿಂದ ಸೊಪ್ಪಿನ ಗಂಟು ಇಳೀತಿತ್ತು, ಹೂವಿನೋರು ಗೋಣಿಚೀಲ ನೆನೆಸಿ ಹಾಸ್ತಿದ್ರು, ಒಬ್ಬೊಬ್ರನ್ನೇ ಮಾತಾಡ್ಸಿ ಬರ್ಕೊಂಡೆ. 64 ಜನ. ಅದರಲ್ಲಿ 39 ಹೆಂಗಸರು. ಸುಮಾರು ಅರ್ಧ ಜನ ಹತ್ತೂವರೆ ಹನ್ನೊಂದಕ್ಕೆ ಖಾಲಿ ಮಾಡ್ಕೊಂಡು ಊರಿಗೆ ವಾಪಸ್ ಹೋಗ್ತಾರೆ, ಸಂಜೆವರೆಗೂ ಇರೋರು ಹಣ್ಣಿನ ತಳ್ಳೋಗಾಡಿಯೋರು ಮತ್ತೆ ಪಾನಿಪುರಿಯೋರು. ಅಂದ್ರೆ ಟ್ರಾಫಿಕ್ ಜಾಮ್ ಆಗೋ ಸಂಜೆ ಐದು ಗಂಟೇಲಿ ಈ ಸೊಪ್ಪಿನೋರು ಅಲ್ಲಿ ಇರೋದೇ ಇಲ್ಲ.

ಅಜ್ಜಿ ಹತ್ರ ಕೂತು ವಿಷಯ ಹೇಳ್ದೆ. ಅವರಿಗೆ ಮೊದ್ಲು ಅರ್ಥ ಆಗ್ಲಿಲ್ಲ. "ಎಬ್ಬಿಸ್ತಾರಾ? ಯಾಕೆ ಎಬ್ಬಿಸ್ತಾರವ್ವ, ನಾನು ಸುಂಕ ಒಂದಿನಾನೂ ತಪ್ಸಿಲ್ವಲ್ಲ" ಅಂದು ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು ಅದರ ಒಳಗಿನ ಅರೆಯಿಂದ ಒಂದು ಕಟ್ಟು ಚೀಟಿ ಈಚೆಗೆ ತೆಗೆದ್ರು, ಸುಣ್ಣದ ಕಲೆ ಆಗಿರೋ ತೆಳ್ಳನೆ ಗುಲಾಬಿ ಚೀಟಿಗಳು, ಬಸ್ ಟಿಕೆಟ್ ಅಷ್ಟಗಲ. ಮೇಲೆ ನಮ್ಮ ಪುರಸಭೆ ಹೆಸರು, ಕೆಳಗೆ ನಮ್ಮ ಸೀಲು, ಮಧ್ಯ ಹತ್ತು ರೂಪಾಯಿ ಅಂತ ಪ್ರಿಂಟು. ತಗೊಳ್ತಿದ್ದಿದ್ದು ಇಪ್ಪತ್ತು. ಅದು ಸುಂಕದ ಹರಾಜು ಹಿಡಿದಿದ್ದೋರ ವಿಷಯ, ಅದನ್ನ ಬೇರೆ ಸಭೇಲಿ ತಗೊಂಡ್ವಿ. ಆದ್ರೆ ನನಗೆ ಅವತ್ತು ಕೈ ನಡುಗಿದ್ದು ಯಾಕಂದ್ರೆ, ವರ್ಷಾವರ್ಷ ನಾವೇ ಸಭೇಲಿ ದಿನವಹಿ ಸುಂಕ ವಸೂಲಿ ಹಕ್ಕನ್ನ ಹರಾಜು ಹಾಕಿ ಆ ದುಡ್ಡನ್ನ ಜಮಾ ಅಂತ ಓದಿ ಪಾಸ್ ಮಾಡ್ತೀವಿ, ಈಗ ಅದೇ ಜನನ್ನ ಅನಧಿಕೃತ ಅಂತಿದೀವಿ. ಚೀಟಿ ಕೊಡ್ತೀರಾ ಅಜ್ಜಿ ಅಂದೆ, ವಾಪಸ್ ಕೊಡ್ಬೇಕು ಅಂತ ಎಣಿಸಿ ಕೊಟ್ರು.

ಇನ್ನೊಂದು ಕಾಗದಾನೂ ಸಿಕ್ತು. ಕೊರೊನಾ ಟೈಮಲ್ಲಿ 2020ರಲ್ಲಿ ಪಿಎಂ ಸ್ವನಿಧಿ ಅಂತ ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರ ಸಾಲ ಬಂತಲ್ಲ, ಅದಕ್ಕೆ ಗುರುತಿನ ಚೀಟಿ ಇಲ್ಲದೋರಿಗೆ ಪುರಸಭೆಯಿಂದ ಶಿಫಾರಸು ಪತ್ರ ಕೊಟ್ಟಿದ್ರು. ಇವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಹತ್ರ ಆ ಪತ್ರ ಇತ್ತು. ಬ್ಯಾಂಕಿಗೆ ಇವರು ಬೀದಿ ವ್ಯಾಪಾರಿ ಹೌದು ಅಂತ ಬರ್ದುಕೊಟ್ಟಿದ್ದು ನಮ್ಮ ಆಫೀಸೇ.

ಆಮೇಲೆ ಕಾನೂನು ಓದ್ದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, ಕನ್ನಡದಲ್ಲಿ ತಿಳ್ಕೊಳಕ್ಕೆ ಗೊತ್ತಿರೋ ವಕೀಲರೊಬ್ರ ಹತ್ರ ಎರಡು ಸಂಜೆ ಕೂತಿದ್ದೆ. ಊರಿನ ಬೀದಿ ವ್ಯಾಪಾರಿಗಳ ಸರ್ವೆ ಮುಗಿದು ಎಲ್ರಿಗೂ ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಆಮೇಲೂ ಜಾಗ ಬದಲಾಯಿಸ್ಬೇಕು ಅಂದ್ರೆ 30 ದಿನ ನೋಟಿಸ್. ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು, ಅದರಲ್ಲಿ ಕಡಿಮೆ ಅಂದ್ರೂ ನೂರಕ್ಕೆ 40 ಜನ ವ್ಯಾಪಾರಿಗಳ ಪ್ರತಿನಿಧಿಗಳೇ, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಮ್ಮೂರಲ್ಲಿ ಸರ್ವೆ ಅರ್ಧಕ್ಕೆ ನಿಂತಿತ್ತು, ಸಮಿತಿ ಫೈಲಲ್ಲಿ ಮಾತ್ರ ಇತ್ತು.

ಇಷ್ಟಾದ್ರೂ ಎದುರುಗಡೆ ಮಳಿಗೆಯೋರ ಮಾತೂ ಕೇಳ್ಬೇಕು ಅನ್ನಿಸ್ತು, ಹೋದೆ. ಅವರ ದೂರು ಸುಳ್ಳಲ್ಲ. ಡಿಪಾಸಿಟ್ ಕಟ್ಟಿ ತಿಂಗಳು ತಿಂಗಳು ಪುರಸಭೆಗೆ ಬಾಡಿಗೆ ಕಟ್ತಾರೆ, ಬಾಗಿಲಿಗೆ ಅಡ್ಡ ಗಾಡಿ ನಿಂತ್ರೆ ಗಿರಾಕಿ ಒಳಗೆ ಬರಲ್ಲ. ಒಬ್ರು ಮೆಡಿಕಲ್ ಸ್ಟೋರಿನೋರು "ಅಕ್ಕಾ, ಅವರ ಹೊಟ್ಟೆ ಮೇಲೆ ಹೊಡೀರಿ ಅಂತ ನಾವು ಹೇಳ್ತಿಲ್ಲ, ನಮ್ಮ ಮುಂದೆ ಆರಡಿ ದಾರಿ ಬಿಡ್ಸಿ ಸಾಕು" ಅಂದ್ರು. ಆ ಆರಡಿ ಅನ್ನೋ ಮಾತೇ ದಾರಿ ತೋರಿಸ್ತು. ಮಳಿಗೆ ಇಲ್ಲದ ಕಡೆ, ಹಳೇ ಕಾಂಪೌಂಡ್ ಪಕ್ಕ ಒಂದು ತೆರೆದ ಚರಂಡಿ ಇತ್ತು, ಅದರ ಮೇಲೆ ಸ್ಲ್ಯಾಬ್ ಹಾಕಿದ್ರೆ ಜಾಗ ಆಗುತ್ತೆ. ನಮ್ಮ ಜೆಇ (ಜೂನಿಯರ್ ಇಂಜಿನಿಯರ್) ಹುಡುಗನ್ನ ಕರ್ಕೊಂಡೋಗಿ ಟೇಪ್ ಹಿಡಿಸಿದೆ, ಒಬ್ಬೊಬ್ರಿಗೆ ಆರಡಿ ನಾಲ್ಕಡಿ ಲೆಕ್ಕದಲ್ಲಿ 58 ಜನ ಕೂರ್ತಾರೆ ಅಂದ್ರು.

ಸಭೆ ಹಿಂದಿನ ರಾತ್ರಿ ತೀರ್ಮಾನ ಹೆಂಗೆ ಬರಬೇಕೋ ಹಂಗೇ ನಾನೇ ಬರ್ದೆ. ಐದು ಸಾಲು. ಸರ್ವೆ ಮುಗಿಯೋವರೆಗೆ ತೆರವು ಬೇಡ. ಸರ್ವೆಯನ್ನ ಸಮುದಾಯ ಸಂಘಟಕರು 45 ದಿನದೊಳಗೆ ಮುಗಿಸ್ಬೇಕು. ಚರಂಡಿಗೆ ಸ್ಲ್ಯಾಬ್ ಹಾಕಿ ಗೆರೆ ಎಳೆದು 90 ದಿನದೊಳಗೆ ಜಾಗ ಗುರುತು ಮಾಡ್ಬೇಕು, ಖರ್ಚು ಪುರಸಭೆ ನಿಧಿಯಿಂದ. ಮಳಿಗೆ ಕಡೆ ಆರಡಿ ಬಿಡಬೇಕು. ಹೆಂಗಸರಿಗೆ ಶೌಚಾಲಯ ಕಟ್ಟಿಸ್ಬೇಕು. ಯಾವ ದುಡ್ಡು ಅನ್ನೋದು ಬರೀದೇ ಹೋದ್ರೆ ಅನುದಾನ ಇಲ್ಲ ಅಂತ ಫೈಲ್ ವಾಪಸ್ ಬರುತ್ತೆ. ಆಗ ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನಮ್ಮಂಥ ಊರಿಗೆ ಶೇಕಡ 60 ಕುಡಿಯೋ ನೀರು, ಸ್ವಚ್ಛತೆಗೇ ಕಟ್ಟುಬಿದ್ದಿರ್ತಿತ್ತು, ಪುರಸಭೆ ನಿಧಿಯಲ್ಲೂ ಪರಿಶಿಷ್ಟ ಜಾತಿ-ಪಂಗಡಕ್ಕೆ 24.10, ಇತರೆ ಬಡವರಿಗೆ 7.25, ಅಂಗವಿಕಲರಿಗೆ 5 ಪರ್ಸೆಂಟ್ ಮೀಸಲು ತೆಗೆದಿಟ್ಟೇ ಉಳಿದಿದ್ದನ್ನ ಮುಟ್ಟಬೇಕು, ಹಂಗಾಗಿ ಅಕೌಂಟೆಂಟ್ ಹತ್ರ ಮೊದ್ಲೇ ಕೇಳ್ಕೊಂಡಿದ್ದೆ.

17ನೇ ವಿಷಯ ಬಂದಾಗ ಗಲಾಟೆ ಆಯ್ತು. ಮುಖ್ಯಾಧಿಕಾರಿಗಳು ಪೊಲೀಸ್ ಇಲಾಖೆ ಪತ್ರ ಬಂದಿದೆ, ಟ್ರಾಫಿಕ್ ತೊಂದರೆ ಅಂದ್ರು. ಒಬ್ಬ ಮೆಂಬರ್ "ಅಕ್ಕಾ, ಅದು ನಿಮ್ಮ ವಾರ್ಡೇ ಅಲ್ವಲ್ಲ" ಅಂದ್ರು. ಸೊಪ್ಪು ತಿನ್ನೋರೆಲ್ಲರ ವಾರ್ಡೂ ಅದೇ ಅಂದೆ. ಆಮೇಲೆ ಜಾಸ್ತಿ ಮಾತಾಡ್ಲಿಲ್ಲ, ಚೀಟಿ ಕಟ್ಟನ್ನ ಅಧ್ಯಕ್ಷರ ಟೇಬಲ್ ಮೇಲಿಟ್ಟೆ, ಶಿಫಾರಸು ಪತ್ರದ ಜೆರಾಕ್ಸ್ ಅದರ ಪಕ್ಕ. ಅಧ್ಯಕ್ಷರು ಒಂದು ಚೀಟಿ ಎತ್ತಿ ಸೀಲು ನೋಡಿದ್ರು, ಮುಖ್ಯಾಧಿಕಾರಿ ಕಡೆ ತಿರುಗಿ "ಇದು ನಮ್ದೇ ಅಲ್ವೇನ್ರೀ" ಅಂದ್ರು. ಹಾಲ್ ಸ್ವಲ್ಪ ಹೊತ್ತು ಸುಮ್ಮನಾಯ್ತು. ವಿರೋಧ ಪಕ್ಷದ ಇಬ್ರು ಹೆಣ್ಣುಮಕ್ಕಳು, ಅಲ್ಲೀವರೆಗೂ ಒಂದು ಸಭೇಲೂ ಮಾತಾಡಿರ್ಲಿಲ್ಲ, ಎದ್ದು ನಮ್ಮ ಒಪ್ಪಿಗೆ ಇದೆ ಅಂದ್ರು. ಓಟಿಗೆ ಹಾಕೋ ಪ್ರಸಂಗಾನೇ ಬರ್ಲಿಲ್ಲ, ನಾನು ಬರ್ದ ಕಾಗದಾನ ಅಧ್ಯಕ್ಷರು ಓದಿ ಹಂಗೇ ದಾಖಲು ಮಾಡಿ ಅಂದ್ರು. ಇನ್ನೊಂದು ಪ್ರತಿಗೆ ಆಫೀಸಿನ ಸ್ವೀಕೃತಿ ಸೀಲು ಹಾಕಿಸ್ಕೊಂಡು ಮನೆಗೆ ಬಂದೆ.

ಮುಂದಿನ ತಿಂಗಳು ನಡಾವಳಿ ಬಂತು. 17ನೇ ವಿಷಯದ ಎದುರಿಗೆ ಇದ್ದಿದ್ದು: "ಸಭೆಯಲ್ಲಿ ಚರ್ಚಿಸಿ, ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಐದು ಸಾಲೂ ಹೋಗಿತ್ತು. ಆ ವಾಕ್ಯದಲ್ಲಿ ಎಬ್ಬಿಸೋದೂ ಸೂಕ್ತ ಕ್ರಮಾನೇ. ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಆದ್ರೆ ಮೊದಲನೇ ವಿಷಯ ಇದೆಯಲ್ಲ, ದೃಢೀಕರಿಸುವ ಬಗ್ಗೆ. ಸಭೆ ಶುರು ಆಗಿ ಪಾಸ್ ಅನ್ನೋದ್ರೊಳಗೆ ಎದ್ದು ನಿಂತು, 17ಕ್ಕೆ ನನ್ನ ಆಕ್ಷೇಪಣೆ ಇದೆ, ಸೀಲಿರೋ ಪ್ರತಿ ಇಲ್ಲಿದೆ, ಸಭೇಲಿ ಓದಿದ್ದು ಇದು, ತಿದ್ದದೆ ಇದ್ರೆ ಇವತ್ತಿನ ನಡಾವಳೀಲಿ ನನ್ನ ಅಸಮ್ಮತಿ ಬರೀರಿ, ಜೊತೆಗೆ ನಾನು ಡಿಸಿ ಸಾಹೇಬ್ರಿಗೂ ಅರ್ಜಿ ಕೊಡ್ತೀನಿ ಅಂದೆ. ಹಿಂದಿನ ತಿಂಗಳು ನನ್ನ ಮಾತಿಗೆ ಅಡ್ಡ ಬಂದಿದ್ದ ಅದೇ ಮೆಂಬರ್ "ಹೌದು, ಅಕ್ಕ ಓದಿದ್ದು ಅದೇ, ನಾನೂ ಕೇಳಿದೀನಿ" ಅಂದ್ರು. ತಿದ್ದುಪಡಿ ಆಯ್ತು. ಐದೂ ಸಾಲು ಬಂತು.

ಸರ್ವೆ 45 ದಿನಕ್ಕೆ ಆಗ್ಲಿಲ್ಲ, ಎರಡೂವರೆ ತಿಂಗಳು ಹಿಡೀತು, ಪ್ರತಿ ಸಭೇಲೂ ನಡಾವಳಿ ನಂಬರ್ ಹೇಳಿ ಕೇಳ್ತಿದ್ದೆ, ಉತ್ತರ ಕೊಡ್ಲೇಬೇಕಾಗ್ತಿತ್ತು. ಸ್ಲ್ಯಾಬ್ ಕೆಲಸಕ್ಕೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಅಂತ ಐದು ತಿಂಗಳು. ಬಿಲ್ ಆಗೋಕ್ ಮುಂಚೆ ಅಳತೆ ಪುಸ್ತಕದಲ್ಲಿ ಬರೆದಿರೋ ಉದ್ದಕ್ಕೂ ಹಾಕಿರೋ ಉದ್ದಕ್ಕೂ ಸರಿ ಇದೆಯಾ ಅಂತ ನಾನೂ ಆ ಇಬ್ರು ಹೆಣ್ಣುಮಕ್ಕಳೂ ಹೋಗಿ ನೋಡ್ಕೊಂಡು ಬಂದ್ವಿ. ಹಳದಿ ಗೆರೆ ಎಳೆದ ದಿನ ಅಜ್ಜಿ ತಮ್ಮ ಜಾಗದಲ್ಲಿ ಕೂರೋಕ್ ಮುಂಚೆ ನೀರು ಚಿಮುಕ್ಸಿ ಎರಡು ಎಳೆ ರಂಗೋಲಿ ಬಿಟ್ರು. ಚೀಟಿ ಕಟ್ಟು ವಾಪಸ್ ಕೊಟ್ಟೆ, ಎಣಿಸ್ಕೊಂಡೇ ತಗೊಂಡ್ರು.

64 ಜನರಲ್ಲಿ ಆ 58 ಜಾಗದೊಳಗೆ ಸೇರದೆ ಉಳಿದ ಆರು ಜನಕ್ಕೆ ಸಂತೆ ಮೈದಾನದ ಗೇಟ್ ಹತ್ರ ಕೊಟ್ವಿ, ಅಲ್ಲಿ ವ್ಯಾಪಾರ ಕಮ್ಮಿ, ಅವರಿಗೆ ಇನ್ನೂ ಬೇಜಾರಿದೆ, ಅದು ನ್ಯಾಯವೇ. ಇನ್ನೊಂದು ಉಳ್ಕೊಂಡಿದ್ದು ಐದನೇ ಸಾಲು. ಸರ್ವೆಗೆ 45 ದಿನ, ಸ್ಲ್ಯಾಬಿಗೆ 90 ದಿನ ಅಂತ ಬರ್ದೋಳು ಶೌಚಾಲಯಕ್ಕೆ ದಿನ ಹಾಕಿರ್ಲಿಲ್ಲ, ಯಾವ ದುಡ್ಡು ಅಂತಾನೂ ಬರ್ದಿರ್ಲಿಲ್ಲ. ಆಮೇಲೆ 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿದು ಮತ್ತೆ ಮೀಸಲಾತಿ ಪಟ್ಟಿ ತಡ ಆಗಿ ವರ್ಷಕ್ಕೂ ಮೇಲೆ ಸಭೆಯೇ ಇರ್ಲಿಲ್ಲ, 2020ರಿಂದ ಲೆಕ್ಕ ಹಾಕಿ 2025ಕ್ಕೆ ನಮ್ಮ ಐದು ವರ್ಷದ ಅವಧೀನೇ ಮುಗೀತು. ಬೆಳಗ್ಗೆ ನಾಲ್ಕಕ್ಕೆ ಮನೆ ಬಿಟ್ಟು ಬರೋ ಆ ಹೆಂಗಸರು ಹನ್ನೊಂದರವರೆಗೂ ತಡ್ಕೊಂಡೇ ಕೂರ್ತಾರೆ. ಈಗ ಆಡಳಿತಾಧಿಕಾರಿಗಳಿಗೆ ಆ ನಡಾವಳಿ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟಿದೀನಿ, ಈ ಸಲ ಎಷ್ಟು ದಿನ, ಯಾವ ಲೆಕ್ಕ ಶೀರ್ಷಿಕೆ ಎರಡೂ ಬರ್ದಿದೀನಿ. ಸ್ವೀಕೃತಿ ಸೀಲು ಹಾಕಿಸ್ಕೊಂಡಿದೀನಿ, ಸೋಮವಾರ ಮತ್ತೆ ಹೋಗಿ ಫೈಲ್ ಎಲ್ಲಿದೆ ಅಂತ ಕೇಳ್ಬೇಕು.